ಎತ್ತರ ಹಿಡದ್ರಷ್ಟ ಸಾಲಂಗಿಲ್ಲ

ನೃಪತುಂಗ ಬೆಟ್ಟದ ಮ್ಯಾಲೆ ನಿಂತು ಹುಬ್ಬಳ್ಳಿ ನೋಡಿದ್ರ ಯಾರಿಗಾದ್ರೂ ಅನಸ್ತದ, ಎತ್ತರ ಹಿಡದವಂದ ಗೆಲುವು ಅಂತ. ಅಷ್ಟ ಸರಳ ಇಲ್ಲ ಬಿಡ್ರಿ.

ಅಮೆರಿಕದ ಅಂತರ್ಯುದ್ಧದಾಗ ಫ್ರೆಡರಿಕ್ಸ್‌ಬರ್ಗ್ ಕದನ ನೋಡ್ರಿ, 1862ರ ಡಿಸೆಂಬರ್ 13. ನದಿ ದಾಟಾಕ ಬೇಕಾದ ತೇಲು ಸೇತುವೆ ಸಾಮಾನು ಉತ್ತರದವ್ರ ಸೇನಾಪತಿ ಬರ್ನ್‌ಸೈಡ್‌ಗೆ ತಡಾಗಿ ಮುಟ್ಟಿತು. ಅಷ್ಟರಾಗ ದಕ್ಷಿಣದವ್ರ ಸೇನಾಪತಿ ಲೀ ಗುಡ್ಡದ ಸಾಲು ಹಿಡದಿದ್ದ. ಎಡಕ್ಕ ಲೀ ಕೈಕೆಳಗಿನ ಲಾಂಗ್‌ಸ್ಟ್ರೀಟ್: ಮರೀಸ್ ಹೈಟ್ಸ್ ಅನ್ನೋ ಗುಡ್ಡದ ಮ್ಯಾಲೆ ತೋಪು (ಫಿರಂಗಿ), ಬುಡದಾಗ ತಗ್ಗಿನ ದಾರಿ, ಅದರ ಮುಂದ ಕಲ್ಲಿನ ಗ್ವಾಡಿ. ಗ್ವಾಡಿ ಹಿಂದ ಒಬ್ಬರ ಬೆನ್ನಿಗೆ ಒಬ್ಬರು, ಹಿಂದಿನವ್ರು ಬಂದೂಕು ತುಂಬಿ ಮುಂದ ಕೊಡೋದು. ಎದುರಿಗೆ ಬಯಲು, ನಡುವ ಕಾಲುವೆ. ದಾಟಾಕ ಕಿರಿದಾದ ಸೇತುವೆ ಕೆಲವಷ್ಟ, ಹಿಂಗಾಗಿ ಬರ್ನ್‌ಸೈಡ್ ಕಡೆಯಿಂದ ಬಂದವ್ರು ಅಲ್ಲೇ ಗುಂಪುಗೂಡಿ ತೋಪಿಗೆ ಸಿಕ್ಕರು.

ಎಲ್ಲಾರೂ ಆ ಗ್ವಾಡಿನ ಹೊಗಳ್ತಾರ. ನನ್ನ ಕಣ್ಣು ಹೋಗೋದು ಬಲಕ್ಕ, ಲೀ ಕೈಕೆಳಗಿನ ಇನ್ನೊಬ್ಬ ಜನರಲ್ ಜಾಕ್ಸನ್ ಕಡೆ. ಜೌಗು ಕಾಡಿನ್ಯಾಗ ದಂಡು ಬರಂಗಿಲ್ಲ ಅಂತ ಜಾಕ್ಸನ್ ಕೈಕೆಳಗಿನ ಎ.ಪಿ. ಹಿಲ್ ಸುಮಾರು 550 ಮೀಟರ್ ಖಾಲಿ ಬಿಟ್ಟಿದ್ದ. ಬರ್ನ್‌ಸೈಡ್ ಕಡೆಯ ಮೀಡ್‌ನ ಡಿವಿಷನ್ ಕರೆಕ್ಟ್ ಅಲ್ಲೇ ನುಗ್ಗಿತು! ಆದ್ರ ಜಾಕ್ಸನ್ ತನ್ನ ಪಡೆ ಒಂದರ ಹಿಂದ ಒಂದು ಇಟ್ಟಿದ್ದ. ಅವನ ಕೈಕೆಳಗಿನ ಅರ್ಲಿಯ ಡಿವಿಷನ್ ಹಿಂದಿನಿಂದ ಬಂದು ಆ ಬಿರುಕು ಮುಚ್ಚಿತು. ಮೀಡ್‌ಗೆ ಬೇಕಾದಷ್ಟು ಕುಮ್ಮಕ್ಕು ಬರಲೇ ಇಲ್ಲ.