ಬಾವಿಯ ಪಕ್ಕ ದಣಿದು ಕೂತ ರಕ್ಷಕ

ಕ್ರಿಸ್ಮಸ್ ಬಲಿಪೂಜೆಯಲ್ಲಿ ವಿಶ್ವಾಸ ಪ್ರಮಾಣ (ನಾವು ನಂಬುವುದನ್ನೆಲ್ಲಾ ಸಾರುವ ಪ್ರಾರ್ಥನೆ) ಹೇಳುವಾಗ ಒಂದು ಸಾಲು ಬಂದ ಕೂಡಲೇ ಕಥೋಲಿಕರು ಮಂಡಿಯೂರುತ್ತಾರೆ. ಮಿಕ್ಕ ಭಾನುವಾರಗಳಲ್ಲಿ ಆ ಸಾಲಿಗೆ ಬಾಗಿ ನಮಿಸಿದರೆ ಸಾಕು. ಕ್ರಿಸ್ಮಸ್ಸಿಗೆ ಮತ್ತು ಯೇಸು ಹುಟ್ಟುವರೆಂದು ದೂತ ಮರಿಯಮ್ಮನವರಿಗೆ ತಿಳಿಸಿದ್ದನ್ನು ನೆನೆಯುವ ಮಾರ್ಚ್ 25ರ ಮಂಗಳವಾರ್ತೆಯ ಹಬ್ಬಕ್ಕೆ ಮಾತ್ರ ಮಂಡಿ ನೆಲಕ್ಕೆ ತಾಗಬೇಕು. ದೇವರ ಮಗ ಕನ್ಯಾಮರಿಯಮ್ಮನವರಿಂದ ಹುಟ್ಟಿ ಮನುಷ್ಯರಾದರು ಎನ್ನುವ ಸಾಲು ಅದು. ಭೂಮಿ ಆಕಾಶ ಸೃಷ್ಟಿಯಾದ ಸಾಲಿಗೂ ಯಾರೂ ಮಂಡಿಯೂರುವುದಿಲ್ಲ.

ಈ ಹಬ್ಬದಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಅದೇ. ನಕ್ಷತ್ರ, ದೂತರ ಹಾಡು ಎಲ್ಲವೂ ಚೆಂದ. ಆದರೆ ಗೋದಲಿಯಲ್ಲಿ ಮಲಗಿರುವುದು ನಿಜವಾದ ಮಗು. ಹಸಿದರೆ ಅಳುವ ಮಗು. ಬಟ್ಟೆ ಸುತ್ತಿ ಬೆಚ್ಚಗಿಡಬೇಕಾದ, ಎತ್ತಿಕೊಳ್ಳುವಾಗ ಕುತ್ತಿಗೆಗೆ ಕೈ ಕೊಡಬೇಕಾದ ಮಗು.

ಯೇಸು ಸ್ವಾಮಿ ದೇವರು ಎಂದು ಒಪ್ಪುವುದು ಭಕ್ತರಿಗೆ ಅಷ್ಟೇನೂ ಕಷ್ಟವಲ್ಲ. ಪೂರ್ತಿ ಮನುಷ್ಯ ಎಂದು ಒಪ್ಪುವಾಗಲೇ ಹಿಂದೆ ಮುಂದೆ ನೋಡುತ್ತೇವೆ. 'ಅವರು ದೇವರಲ್ವಾ, ನಮ್ಮಷ್ಟು ನೋವಾಗಿರಲಿಕ್ಕಿಲ್ಲ' ಎಂದು ಒಳಗೊಳಗೇ ಅಂದುಕೊಳ್ಳುತ್ತೇವೆ. ಭಕ್ತಿಯಿಂದಲೇ ಹುಟ್ಟುವ ಯೋಚನೆ ಇದು. ನಷ್ಟ ಮಾತ್ರ ನಮಗೇ. ರಾತ್ರಿಯೆಲ್ಲಾ ನಿದ್ದೆ ಬಾರದೆ ನರಳುತ್ತಿರುವವರು, ನೋವೇ ಗೊತ್ತಿಲ್ಲದ ರಕ್ಷಕರ ಹತ್ತಿರ ಏನೆಂದು ಹೇಳಿಕೊಳ್ಳಬೇಕು?

ಶುಭಸಂದೇಶ ಬರೆದವರಿಗೆ ಈ ಅಳುಕು ಇರಲಿಲ್ಲ. ಸಂತ ಯೊವಾನ್ನರ 4ನೇ ಅಧ್ಯಾಯ ನೋಡಿ. ನಡು ಮಧ್ಯಾಹ್ನ. ನಡೆದು ನಡೆದು ಸುಸ್ತಾದ ಯೇಸು ಸಮಾರಿಯದಲ್ಲಿ ಯಕೋಬನ ಬಾವಿಯ ಪಕ್ಕ ಕೂತುಬಿಡುತ್ತಾರೆ. ಶಿಷ್ಯರು ಊಟ ತರಲು ಊರೊಳಗೆ ಹೋಗಿದ್ದಾರೆ. ನೀರು ಕಣ್ಣೆದುರಿಗೇ ಇದೆ, ಆದರೆ ಬಾವಿ ಆಳ, ಸೇದಲು ಕೈಯಲ್ಲಿ ಏನೂ ಇಲ್ಲ. ಯಾರಾದರೂ ಬಂದು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಕೊನೆಗೆ ಬಂದ ಹೆಂಗಸಿನ ಹತ್ತಿರ 'ಕುಡಿಯಲು ನೀರು ಕೊಡು' ಎಂದು ಕೇಳುತ್ತಾರೆ. ಜೀವಜಲದ ಮಾತು ಆಮೇಲೆ ಬರುತ್ತದೆ. ಮೊದಲು ಬರುವುದು ಬಾಯಾರಿಕೆ.

ಸಂತ ಮಾರ್ಕರು ಇನ್ನೊಂದು ಸಣ್ಣ ವಿಷಯ ಬರೆದಿಟ್ಟಿದ್ದಾರೆ. ಬಿರುಗಾಳಿ ಎದ್ದು ದೋಣಿಗೆ ನೀರು ನುಗ್ಗುತ್ತಿದ್ದಾಗ ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದರಂತೆ. ಆ ಗದ್ದಲದಲ್ಲೂ ಎಚ್ಚರವಾಗದಷ್ಟು ನಿದ್ದೆ! ದಿನವಿಡೀ ಜನರಿಗೆ ಬೋಧಿಸಿ ದಣಿದಿದ್ದ ಮೈ ಅದು.

ಈ ಮೈಯನ್ನೇ ಅಲ್ಲಗಳೆಯುವವರು ಬಹಳ ಬೇಗ ಹುಟ್ಟಿಕೊಂಡರು. ಕ್ರಿಸ್ತರಿಗೆ ಶರೀರವಿದ್ದಂತೆ ಕಂಡಿತು ಅಷ್ಟೇ, ನಿಜಕ್ಕೂ ಇರಲಿಲ್ಲ ಎಂದರು. ಯೊವಾನ್ನರ ಮೊದಲ ಪತ್ರ ಇದನ್ನು ಕಟುವಾಗಿಯೇ ತಳ್ಳಿಹಾಕುತ್ತದೆ. ಅಂತಿಯೋಕ್ಯದ ಧರ್ಮಾಧ್ಯಕ್ಷ (ಬಿಷಪ್) ಇಗ್ನಾಸಿಯವರನ್ನು ಕಾಡುಮೃಗಗಳ ಬಾಯಿಗೆ ಹಾಕಲು ರೋಮಿಗೆ ಎಳೆದೊಯ್ಯುತ್ತಿದ್ದರು. ದಾರಿಯಲ್ಲಿ ಬರೆದ ಪತ್ರಗಳಲ್ಲಿ ಅವರು ಕೇಳುವುದು ಇಷ್ಟೇ: ಸ್ವಾಮಿ ಅನುಭವಿಸಿದ ನೋವು ಬರೀ ತೋರಿಕೆಯಾಗಿದ್ದರೆ, ನಾನು ಈ ಸರಪಳಿಯಲ್ಲಿ ಏಕಿದ್ದೇನೆ? ಇದಕ್ಕಿಂತ ಗಟ್ಟಿ ವಾದ ನಾನು ಕೇಳಿಲ್ಲ.

4ನೇ ಶತಮಾನದಲ್ಲಿ ಬಂದ ವಾದ ಇನ್ನೂ ಸೂಕ್ಷ್ಮವಾದದ್ದು. ಅಪೊಲಿನಾರಿಸ್ ಎಂಬ ಧರ್ಮಾಧ್ಯಕ್ಷರು ಕ್ರಿಸ್ತರ ಶರೀರವನ್ನು ಒಪ್ಪಿದರು. ಆದರೆ ಮನುಷ್ಯರ ಮನಸ್ಸು, ಬುದ್ಧಿ ಅವರಿಗಿರಲಿಲ್ಲ, ಆ ಜಾಗದಲ್ಲಿ ದೇವರ ವಾಕ್ಯವೇ, ಅಂದರೆ ದೇವರ ಮಗನ ದೈವತ್ವವೇ ಇತ್ತು ಎಂದರು. ಕೇಳಲು ಭಕ್ತಿಯ ಮಾತಿನ ಹಾಗೇ ಇದೆ. ಆದರೆ ನಮ್ಮ ಜಾಸ್ತಿ ಗೋಳು ಇರುವುದು ಎಲ್ಲಿ? ಮನಸ್ಸಿನಲ್ಲೇ ಅಲ್ವಾ? ಭಯ, ಗೊಂದಲ, ಒಂಟಿತನ ಎಲ್ಲಾ ಅಲ್ಲೇ. ನಾಜಿಯಾಂಜುಸಿನ ಸಂತ ಗ್ರೆಗರಿ ಒಂದೇ ಮಾತಿನಲ್ಲಿ ಉತ್ತರಿಸಿದರು: ಕ್ರಿಸ್ತರು ಯಾವುದನ್ನು ತಮ್ಮದಾಗಿಸಿಕೊಳ್ಳಲಿಲ್ಲವೋ ಅದು ವಾಸಿಯಾಗಿಲ್ಲ. ಧರ್ಮಾಧ್ಯಕ್ಷರು ಸೇರಿದ್ದ 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅಪೊಲಿನಾರಿಸರ ಬೋಧನೆಯನ್ನು ತಿರಸ್ಕರಿಸಿತು. 451ರಲ್ಲಿ ಕಾಲ್ಸೆಡಾನಿನ ಮಹಾಸಭೆ, ಕ್ರಿಸ್ತರು ನಿಜ ದೇವರು, ನಿಜ ಮನುಷ್ಯ, ಪಾಪ ಒಂದನ್ನು ಬಿಟ್ಟು ಎಲ್ಲದರಲ್ಲೂ ನಮ್ಮಂತೆಯೇ ಎಂದು ಸಾರಿತು.

ಪಾಪವಿಲ್ಲದಿದ್ದರೆ ಪೂರ್ತಿ ಮನುಷ್ಯ ಹೇಗಾಗುತ್ತಾರೆ ಎಂದು ಕೆಲವರು ಕೇಳುತ್ತಾರೆ. ಜ್ವರ ಬಾರದಿದ್ದರೆ ಮೈ ಅಪೂರ್ಣ ಎನ್ನುತ್ತೇವೆಯೇ? ಪಾಪ ನಮಗೆ ಅಂಟಿದ ರೋಗ. ದೇವರು ಮನುಷ್ಯನನ್ನು ಉಂಟುಮಾಡಿದಾಗ ಅದು ಇರಲಿಲ್ಲ.

ಯೇಸು ಸೆರೆಯಾಗುವ ಮುಂಚೆ ಪ್ರಾರ್ಥಿಸಿದ ಗೆತ್ಸೆಮನೆಯ ರಾತ್ರಿಗೆ ಬಂದರೆ ನನಗೆ ಮುಂದಕ್ಕೆ ಓದಲು ಆಗುವುದಿಲ್ಲ, ಅಲ್ಲೇ ನಿಂತುಬಿಡುತ್ತೇನೆ. ಯೇಸು ಪೇತ್ರ, ಯಕೋಬ, ಯೊವಾನ್ನ ಮೂವರು ಶಿಷ್ಯರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಪ್ರಾಣ ಹೋಗುವಷ್ಟು ದುಃಖವಾಗಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಎನ್ನುತ್ತಾರೆ. ಸ್ವಲ್ಪ ಮುಂದೆ ಹೋಗಿ ನೆಲಕ್ಕೆ ಬಿದ್ದು ಪ್ರಾರ್ಥಿಸುತ್ತಾರೆ. ಎದ್ದು ಬಂದು ನೋಡಿದರೆ ಮೂವರೂ ನಿದ್ದೆಯಲ್ಲಿದ್ದಾರೆ. ಮತ್ತೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಹೀಗೆ ಮೂರು ಸಲ. ಎದೆ ಭಾರವಾದ ರಾತ್ರಿ ಜೊತೆಗೆ ಯಾರಾದರೂ ಎಚ್ಚರವಿದ್ದಾರಾ ಎಂದು ನೋಡಲು ಬರುವವರ ಓಡಾಟ ಅದು.

ಎರಡನೇ ಸಲ ಹೋದಾಗಲೂ ಅದೇ ಮಾತು ಹೇಳಿ ಪ್ರಾರ್ಥಿಸಿದರು ಎಂದು ಮಾರ್ಕರು ಬರೆಯುತ್ತಾರೆ. ಬೆಟ್ಟದ ಮೇಲೆ ಕೂತು ಅಷ್ಟೊಂದು ಬೋಧಿಸಿದವರು, ಶಿಷ್ಯರಿಗೆ ಪ್ರಾರ್ಥನೆ ಕಲಿಸಿಕೊಟ್ಟವರು. ಆ ರಾತ್ರಿ ಅವರ ಬಾಯಲ್ಲಿ ಹೊಸ ಮಾತಿಲ್ಲ. ನೋವಿನ ಈ ಪಾತ್ರೆ ನನ್ನಿಂದ ದೂರವಾಗಲಿ, ಆದರೂ ನನ್ನ ಇಷ್ಟದಂತಲ್ಲ, ನಿನ್ನ ಇಷ್ಟದಂತೆ ಆಗಲಿ. ಯೇಸುವಿನ ಆ ಇಷ್ಟ ನಿಜವಾದ ಮಾನವ ಇಷ್ಟವೇ ಎಂದು ಹಟ ಹಿಡಿದದ್ದಕ್ಕೆ ಸನ್ಯಾಸಿ ಸಂತ ಮ್ಯಾಕ್ಸಿಮಸರ ನಾಲಿಗೆ ಮತ್ತು ಬಲಗೈಯನ್ನು ಕತ್ತರಿಸಿದರು. 662ರಲ್ಲಿ ಅವರು ಗಡಿಪಾರಿನಲ್ಲೇ ತೀರಿಕೊಂಡರು. ಅವರು ಹೇಳಿದ್ದೇ ಸರಿ ಎಂದು 681ರಲ್ಲಿ ಮಹಾಸಭೆ ನಿರ್ಧರಿಸಿತು. ಒಂದು ಪ್ರಾರ್ಥನೆ ನಟನೆಯಲ್ಲ ಎಂದು ಹೇಳಲು ಅವರು ತೆತ್ತ ಬೆಲೆ ಅದು.

ಹಾಗಾಗಿ 'ಸ್ವಾಮೀ, ಇದು ನನಗೆ ಬೇಡ' ಎಂದು ಪ್ರಾರ್ಥಿಸಲು ಯಾರೂ ನಾಚಬೇಕಾಗಿಲ್ಲ. ದುಃಖಿಸುವವರಿಗೆ 'ವಿಶ್ವಾಸವಿದ್ದರೆ ಅಳಬಾರದು' ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಯೇಸು ಅವನಿಗಾಗಿ ಕಣ್ಣೀರಿಟ್ಟರು.

ಪುನರುತ್ಥಾನರಾದ ಮೇಲೆ ಅವರು ಮನುಷ್ಯತನವನ್ನು ಕಳಚಿಡಲಿಲ್ಲ. ಶಿಷ್ಯರು ಭೂತವೆಂದು ಹೆದರಿದಾಗ ತಿನ್ನಲು ಏನಿದೆ ಎಂದು ಕೇಳಿ, ಸುಟ್ಟ ಮೀನನ್ನು ಅವರೆದುರಿಗೇ ತಿಂದರು. ತೋಮನಿಗೆ ಕೈಯ ಗಾಯ ತೋರಿಸಿದರು. ಅದೇ ಮೈಯಲ್ಲಿ ಪಿತನ ಬಲಗಡೆಗೆ ಏರಿಹೋದರು. ಹಿಬ್ರಿಯರಿಗೆ ಬರೆದ ಪತ್ರ ಹೇಳುವ ಹಾಗೆ, ಅಲ್ಲಿ ನಮಗಾಗಿ ಬೇಡುತ್ತಾ ಯಾವಾಗಲೂ ಜೀವಿಸುತ್ತಿದ್ದಾರೆ. ನಾನು ಆ ಧೈರ್ಯದಲ್ಲೇ ಪ್ರಾರ್ಥನೆಗೆ ಕೂರುತ್ತೇನೆ. ಸುಸ್ತು ಎಂದರೇನು, ಹೆದರಿಕೆ ಎಂದರೇನು ಎಂದು ಅವರಿಗೆ ಮೊದಲಿನಿಂದ ವಿವರಿಸಬೇಕಾಗಿಲ್ಲ. ನೇರವಾಗಿ ವಿಷಯಕ್ಕೆ ಬರಬಹುದು.