ಚಿಟ್ಟೆ ಬಿಟ್ಟು ಪತಂಗ ಯಾಕೆ?

ಮನೆಗೆ ಬಂದವರು ಒಂದಲ್ಲ ಒಂದು ಸಲ ಕೇಳಿಯೇ ಕೇಳುತ್ತಾರೆ: "ಅಷ್ಟು ಚಂದದ ಚಿಟ್ಟೆಗಳಿರುವಾಗ ಈ ದೀಪದ ಹುಳಗಳನ್ನ ಯಾಕ್ರೀ ನೋಡ್ತಾ ಕೂರ್ತೀರಿ?"

ಮೊದಲು ಬಾಯಿಗೆ ಬರುವುದು ಸೋಮಾರಿಯ ಉತ್ತರ. ಚಿಟ್ಟೆ ನೋಡಬೇಕೆಂದರೆ ಬಿಸಿಲಲ್ಲಿ ಅದರ ಹಿಂದೆ ಓಡಬೇಕು. ಪತಂಗ ತಾನಾಗಿ ಬಚ್ಚಲುಮನೆ ಗೋಡೆಗೆ ಬಂದು ಕೂರುತ್ತದೆ. ಬಗೆಗಳೂ ಜಾಸ್ತಿ. ನಮ್ಮ ದೇಶದಲ್ಲಿ ಚಿಟ್ಟೆ ಸುಮಾರು 1,300 ಬಗೆ, ಪತಂಗ 10,000ಕ್ಕೂ ಹೆಚ್ಚು. ಮದುವೆ ಸೀರೆಯ ರೇಷ್ಮೆ ಕೊಟ್ಟದ್ದೂ ಪತಂಗದ ಮರಿಯೇ ಅಲ್ವಾ?

ನಿಜವಾದ ಉತ್ತರ ಮಾತ್ರ ಹಿತ್ತಲಿನ ನಂದಿಬಟ್ಟಲು ಗಿಡದ್ದು. ಒಂದು ದಿನ ಹೂ ಕೊಯ್ಯಲು ಹೋದ ಅಮ್ಮ ಬುಟ್ಟಿ ಬಿಟ್ಟು ಓಡಿ ಬಂದರು. ಎಲೆಯ ಅಡಿ ಬೆರಳುದ್ದದ ಹಸಿರು ಹುಳ, ಬಾಲದಲ್ಲಿ ಹಳದಿ ಕೊಂಬು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ತಲೆಯನ್ನು ಒಳಗೆಳೆದುಕೊಂಡಿತು. ಕತ್ತಿನ ಹತ್ತಿರ ಎರಡು ನೀಲಿ ಕಣ್ಣು ಅಗಲವಾಗಿ ನಮ್ಮನ್ನೇ ದುರುಗುಟ್ಟಿದವು. ಕಣ್ಣಲ್ಲ, ಬರೀ ಚುಕ್ಕೆ. ಹಕ್ಕಿಗಳನ್ನು ಹೆದರಿಸುವ ನಾಟಕ. ಅಮ್ಮನೂ ಹೆದರಿದರು ಅನ್ನಿ.

ದನ ಮೂಸಿಯೂ ನೋಡದ ಕಣಗಿಲೆಯನ್ನು ಈ ಹುಳ ಆರಾಮಾಗಿ ತಿಂದು ಬೆಳೆಯುತ್ತದೆ. ನಮ್ಮದಕ್ಕೆ ನಂದಿಬಟ್ಟಲು ಸಿಕ್ಕಿತ್ತು. ಡಬ್ಬಿಯಲ್ಲಿ ಒಣ ಎಲೆ ಹಾಕಿ ಇಟ್ಟೆ. ಹುಳ ಕಂದು ಬಣ್ಣಕ್ಕೆ ತಿರುಗಿ ಎಲೆಗಳ ನಡುವೆ ಕೋಶವಾಯಿತು. ಎರಡು ವಾರದ ಮೇಲೆ ಒಂದು ರಾತ್ರಿ ಪತಂಗ ಹೊರಗೆ ಬಂತು. ರೆಕ್ಕೆಯಲ್ಲಿ ಹತ್ತಾರು ಹಸಿರು, ನಡುವೆ ತಿಳಿ ಗುಲಾಬಿ, ಬಿಳಿ ಗೆರೆ. ಮಳೆಗಾಲದ ಪಾಚಿಕಲ್ಲಿನ ಹಾಗೆ. ಹಾರುವ ಮೊದಲು ಚಳಿ ಹಿಡಿದವರಂತೆ ಗಡಗಡ ನಡುಗಿತು, ಮೈ ಬಿಸಿ ಮಾಡಿಕೊಳ್ಳಲು. "ಇದೇನಾ ನನ್ನ ಗಿಡ ಬೋಳಿಸಿದ್ದು?" ಎಂದರು ಅಮ್ಮ. ಅಂದಿನಿಂದ ಆ ಗಿಡಕ್ಕೆ ಔಷಧಿ ಹೊಡೆಯಲು ಬಿಡುವುದಿಲ್ಲ.

"ಬಟ್ಟೆ ತಿನ್ನಲ್ವಾ?" ಎಂದು ಇನ್ನೊಂದು ಪ್ರಶ್ನೆ. ತಿನ್ನುವುದು ಬೆರಳೆಣಿಕೆಯ ಬಗೆಗಳು, ಅದೂ ಮರಿಗಳು. ನಿಮ್ಮ ಗೋಡೆಯಲ್ಲಿ ಸೌತೆಬೀಜದಂಥ ಬೂದು ಚೀಲ ನೋಡಿರುತ್ತೀರಿ. ಕಸ ಅಂತ ಗುಡಿಸಿಯೂ ಇರುತ್ತೀರಿ. ಸುಮ್ನೆ ಐದು ನಿಮಿಷ ಕಾಯಿರಿ. ಒಂದು ತುದಿಯಿಂದ ಪುಟ್ಟ ತಲೆ ಇಣುಕಿ, ಚೀಲವನ್ನೇ ಎಳೆದುಕೊಂಡು ಹೊರಡುತ್ತದೆ. ದಾರಿ ಸರಿಯಿಲ್ಲದಿದ್ದರೆ ಒಳಗೇ ಮಗುಚಿ ಇನ್ನೊಂದು ತುದಿಯಿಂದ ತಲೆ ಹಾಕುತ್ತದೆ. ಜೇಡರಬಲೆ, ಉದುರಿದ ಕೂದಲು ಇದರ ಊಟ. ಉಣ್ಣೆಯ ಶಾಲು ಸಿಕ್ಕರೆ ಅದನ್ನೂ ಬಿಡುವುದಿಲ್ಲ, ನಿಜ.

ನೋಡಬೇಕು ಅನ್ನಿಸಿದರೆ ಬಿಳಿ ಪಂಚೆಯೊಂದು ಸಾಕು. ಅಮಾವಾಸ್ಯೆ ಹತ್ತಿರದ ರಾತ್ರಿ, ಮಳೆ ನಿಂತ ಮೇಲೆ, ಬಟ್ಟೆ ಒಣಗಿಸುವ ತಂತಿಗೆ ಕಟ್ಟಿ ಮುಂದೆ ಒಂದು ಬಲ್ಬು ಹಾಕಿ. ಎರಡು ತಾಸು ಕೂತರೆ ಎಲ್ಲಿದ್ದವೋ ಎಲ್ಲ ಬರುತ್ತವೆ. ಬಲ್ಬಿನ ಮೇಲೆ ಪ್ರೀತಿಯಿಂದಲ್ಲ. ರಾತ್ರಿ ಆಕಾಶ ನೆಲಕ್ಕಿಂತ ಬೆಳಕಾಗಿರುತ್ತದೆ, ಆ ಕಡೆ ಬೆನ್ನು ಮಾಡಿ ಹಾರಿದರೆ ಮೇಲು ಕೆಳಗು ತಪ್ಪುವುದಿಲ್ಲ. ಬಲ್ಬು ಸಿಕ್ಕಾಗ ಅದಕ್ಕೂ ಬೆನ್ನು ಕೊಡಲು ಹೋಗಿ ಸುತ್ತುತ್ತಲೇ ಇರುತ್ತವೆ. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವೇಗದ ಕ್ಯಾಮೆರಾ ಇಟ್ಟು ಇದನ್ನು ತೋರಿಸಿತು. ಅದಕ್ಕೇ ಹೇಳುವುದು, ನೋಡಿ ಮುಗಿದ ಮೇಲೆ ದೀಪ ಆರಿಸಿ, ಪಂಚೆ ಮೆಲ್ಲಗೆ ಕೊಡವಿ ಮಲಗಿ.

ಒಮ್ಮೆ ನಾನು ನಿದ್ದೆಗಣ್ಣಲ್ಲಿ ಹಾಗೇ ಬಿಟ್ಟಿದ್ದೆ. ಬೆಳಗ್ಗೆ ಹೋದರೆ ಮಡಿವಾಳ ಹಕ್ಕಿ ತಂತಿಯ ಮೇಲೆ ಕೂತಿತ್ತು, ಕೆಳಗೆ ಬರೀ ರೆಕ್ಕೆಗಳು. ಪಂಚೆಯ ಅಂಚಿನಲ್ಲಿ ಗಸಗಸೆ ಅಂಟಿಸಿದಂತೆ ಮೊಟ್ಟೆಗಳ ಸಾಲು. ಪಂಚೆ ಅಪ್ಪನದು. ಅವರು ಅದನ್ನು ಮತ್ತೆ ಉಡಲಿಲ್ಲ. "ನಿನ್ನ ಹುಳಗಳಿಗೇ ಇರಲಿ ಬಿಡು" ಎಂದರು.