ವೋಲ್ಗಾ ತೀರದ ಹೆಂಗಸರು

ರಷ್ಯಾದ ವೋಲ್ಗೋಗ್ರಾದ್‌ನಲ್ಲಿ ಟ್ರಾಮ್ ಇಳಿದು ಮಮಾಯೆವ್ ಕುರ್ಗಾನ್ ಗುಡ್ಡ ಹತ್ತತೊಡಗಿದರೆ, ಖಡ್ಗ ಹಿರಿದ ತಾಯಿಯೊಬ್ಬಳು ನೆತ್ತಿಯ ಮೇಲೆ ಕಾಣುತ್ತಾಳೆ. 1967ರಲ್ಲಿ ಅನಾವರಣಗೊಂಡ ‘ತಾಯ್ನಾಡು ಕರೆಯುತ್ತಿದೆ’ ಪ್ರತಿಮೆಯಿದು. ಖಡ್ಗದ ಮೊನೆಯವರೆಗೆ ಎತ್ತರ 85 ಮೀಟರ್. ಊರಿಗೆ ಸ್ತಾಲಿನ್‌ಗ್ರಾದ್ ಎಂಬ ಹೆಸರಿದ್ದಾಗ, ಎರಡನೇ ಮಹಾಯುದ್ಧದಲ್ಲಿ, ಸೋವಿಯತ್ ಮತ್ತು ಜರ್ಮನ್ ಸೇನೆಗಳ ನಡುವೆ ಈ ಗುಡ್ಡಕ್ಕಾಗಿ ತಿಂಗಳುಗಟ್ಟಲೆ ಕಾದಾಟ ನಡೆಯಿತು. ಮಡಿದ ಸಾವಿರಾರು ಸೈನಿಕರು ಇಲ್ಲಿಯೇ ಮಣ್ಣಾಗಿದ್ದಾರೆ.

ಮೆಟ್ಟಿಲ ಹಾದಿಯಲ್ಲಿ ವೀರರ ಚೌಕ ಸಿಗುತ್ತದೆ. ಕೊಳದ ಬದಿಯ ಆರು ಶಿಲ್ಪಗಳ ಪೈಕಿ ಒಂದರಲ್ಲಿ ನರ್ಸ್ ಒಬ್ಬಳು ಗಾಯಾಳು ಯೋಧನನ್ನು ಹೊತ್ತಿದ್ದಾಳೆ. ಇನ್ನೂ ಮೇಲೆ, ಶೋಕದ ಚೌಕದಲ್ಲಿ, ಸತ್ತ ಮಗನ ಮೇಲೆ ಬಾಗಿದ ತಾಯಿ. ಮಗನ ಮುಖಕ್ಕೆ ಬಾವುಟ ಹೊದಿಸಿದೆ. ಅವಳೆದುರು ಬಹಳ ಹೊತ್ತು ನಿಂತೆ. ಕರೆಯುವವಳು, ಹೊರುವವಳು, ಅಳುವವಳು ಎಲ್ಲರೂ ಈ ಗುಡ್ಡದಲ್ಲಿದ್ದಾರೆ. ಗುಂಡು ಹಾರಿಸಿದವಳನ್ನು ಆ ಆರು ಶಿಲ್ಪಗಳಲ್ಲಿ ಹುಡುಕಿದೆ, ಸಿಗಲಿಲ್ಲ. ನನಗೆ ಅದು ದೊಡ್ಡ ಕೊರತೆಯೆನಿಸಿತು.

ಏಕೆಂದರೆ ಈ ಊರನ್ನು ಮೊದಲ ದಿನ ಕಾದವರಲ್ಲಿ ಗುಂಡು ಹಾರಿಸಿದ ಹೆಂಗಸರೂ ಇದ್ದರು. 1942ರ ಆಗಸ್ಟ್ 23, ಭಾನುವಾರ. ಒಂದೆಡೆ ಜರ್ಮನ್ ವಿಮಾನಗಳು ನಗರವನ್ನು ಸುಡುತ್ತಿದ್ದರೆ, ಇನ್ನೊಂದೆಡೆ ಅವರ ಟ್ಯಾಂಕ್ ಪಡೆಯಾದ 16ನೇ ಪಾಂಜರ್ ಡಿವಿಷನ್ ಉತ್ತರದ ಟ್ರ್ಯಾಕ್ಟರ್ ಕಾರ್ಖಾನೆಯತ್ತ ನುಗ್ಗಿತು. ಎದುರಿಗಿದ್ದುದು ಸೋವಿಯತ್ ಸೇನೆಯ 1077ನೇ ವಿಮಾನನಿರೋಧಕ ರೆಜಿಮೆಂಟ್. ಅದರ ಫಿರಂಗಿಗಳ ಹಿಂದೆ ಇದ್ದವರಲ್ಲಿ ಹೆಚ್ಚಿನವರು ಆಗಷ್ಟೇ ಶಾಲೆ ಮುಗಿಸಿದ ಹುಡುಗಿಯರು. ವಿಮಾನ ಹೊಡೆಯಲು ಕಲಿತವರಿಗೆ ಟ್ಯಾಂಕ್ ಹೊಡೆಯುವ ತರಬೇತಿ ಇರಲಿಲ್ಲ, ಬೆನ್ನಿಗೆ ಕಾಲಾಳು ಪಡೆಯೂ ಇರಲಿಲ್ಲ. ಅವರು ಫಿರಂಗಿಗಳ ಮೂತಿಯನ್ನು ನೆಲಮಟ್ಟಕ್ಕೆ ಇಳಿಸಿ ಹೊಡೆದರು. 37 ಫಿರಂಗಿ ನೆಲೆಗಳನ್ನು ಒಂದೊಂದಾಗಿ ನಾಶಮಾಡಿದ ಮೇಲೆಯೇ ಮುಂದೆ ಸಾಗಲಾಯಿತೆಂದು ಜರ್ಮನ್ ಡಿವಿಷನ್ನೇ ಬರೆದಿಟ್ಟಿದೆ. ತಾವು ಕಾದಿದ್ದು ಹೆಂಗಸರೊಡನೆ ಎಂಬುದು ಆ ಸೈನಿಕರಿಗೆ ತಿಳಿದದ್ದು ಹೆಣಗಳ ಬಳಿ ಬಂದಾಗ. ಆ ವಯಸ್ಸಿನ ಹುಡುಗಿಯರನ್ನು ನೆನೆದರೆ ನನಗೆ ಹೆಮ್ಮೆಗಿಂತ ಮೊದಲು ಸಂಕಟವಾಗುತ್ತದೆ. ಯಾವ ನಾಡೂ ತನ್ನ ಮಕ್ಕಳನ್ನು ಅಷ್ಟು ಒಂಟಿಯಾಗಿ ಬಿಡಬಾರದು.

ಮಧ್ಯಾಹ್ನ ಗುಡ್ಡ ಇಳಿದು ನದಿಯ ಬಳಿಯ ‘ಪಾವ್ಲೊವ್ ಮನೆ’ಗೆ ಹೋದೆ. ಸಾರ್ಜೆಂಟ್ ಯಾಕೊವ್ ಪಾವ್ಲೊವ್ ಮತ್ತು ಸಂಗಡಿಗರು ಸುಮಾರು ಎರಡು ತಿಂಗಳು ಬಿಟ್ಟುಕೊಡದೆ ಉಳಿಸಿಕೊಂಡ ನಾಲ್ಕು ಮಹಡಿಯ ಕಟ್ಟಡವದು. ನೆಲಮಾಳಿಗೆಯಲ್ಲಿ ಆಗ ತಾಯಂದಿರೂ ಮಕ್ಕಳೂ ಅಡಗಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ಇದರ ಮುಂದಿನ ಕಥೆ. ಯುದ್ಧ ಬೇರೆಡೆ ಇನ್ನೂ ನಡೆಯುತ್ತಿದ್ದಾಗಲೇ, 1943ರ ಜೂನ್‌ನಲ್ಲಿ, ಅಲೆಕ್ಸಾಂದ್ರಾ ಚೆರ್ಕಾಸೊವಾ ಎಂಬ ಶಿಶುವಿಹಾರದ ಕಾರ್ಯಕರ್ತೆ ಹತ್ತೊಂಬತ್ತು ಹೆಂಗಸರ ತಂಡ ಕಟ್ಟಿಕೊಂಡು ಈ ಪಾಳು ಮನೆಯನ್ನು ದುರಸ್ತಿ ಮಾಡಲು ಇಳಿದಳು. ದಿನದ ಕೆಲಸ ಮುಗಿಸಿ ಬಂದು, ಕೂಲಿಯಿಲ್ಲದೆ ಇಟ್ಟಿಗೆ ಹೊತ್ತರು. ಅವರನ್ನು ನೋಡಿ ಸಾವಿರಾರು ಜನ ಕೈಜೋಡಿಸಿದರು. ಬೇರೆ ನಗರಗಳಲ್ಲೂ ಇಂಥ ತಂಡಗಳು ಹುಟ್ಟಿಕೊಂಡವು. ‘ನಿನ್ನನ್ನು ಮತ್ತೆ ಕಟ್ಟುತ್ತೇವೆ, ನಮ್ಮ ಸ್ತಾಲಿನ್‌ಗ್ರಾದ್’ ಎಂಬ ಸಾಲು ಗೋಡೆಯ ಮೇಲಿದೆ.

ಪ್ರವಾಸಿಗಳು ಪ್ರತಿಮೆ ನೋಡಿ ಹಿಂದಿರುಗುತ್ತಾರೆ. ದಯವಿಟ್ಟು ಈ ಗೋಡೆಯವರೆಗೂ ಬನ್ನಿ. ಮನೆಯಲ್ಲಿ ಈಗಲೂ ಜನ ವಾಸವಾಗಿದ್ದಾರೆ, ಆದ್ದರಿಂದ ಹೊರಗಿನಿಂದ ನೋಡಿಕೊಂಡೇ ಹೋಗಬೇಕು.